ಚುಕ್ಕಿಗೆ ಬೆರಳಿಟ್ಟು ಹೇಳುವ ಟೀಕೆ

ಕಾರವಾರ ಮತ್ತು ಅಂಕೋಲೆಯಲ್ಲಿ ಪಿಕ್ಸೆಲ್ ಚಿತ್ರ ಕಲಿಯುತ್ತಿರುವವರಿಗೂ ಆ ಚಿತ್ರಗಳನ್ನು ನೋಡಿ ಅಭಿಪ್ರಾಯ ಹೇಳುವವರಿಗೂ ಒಂದು ಬಹಿರಂಗ ಪತ್ರ



ಟೀಕೆ ಎಂಬ ಪದಕ್ಕೆ ಇಂದಿನ ಕನ್ನಡದಲ್ಲಿ ತೆಗಳಿಕೆಯೆಂಬ ಅರ್ಥವೇ ಮುಂದಾಗಿ ನಿಂತಿದ್ದರೂ ಅದರ ಮೂಲಾರ್ಥ ವಿವರಣೆ. ಕಠಿಣವಾದ ಗ್ರಂಥವೊಂದರ ಪದಪದವನ್ನೂ ಬಿಡಿಸಿ, ಎಲ್ಲಿ ಏನು ಹೇಳಿದೆ, ಹಾಗೆ ಹೇಳಿರುವುದಕ್ಕೆ ಕಾರಣವೇನು ಎಂಬುದನ್ನು ತೋರಿಸುವ ಬರಹವನ್ನು ಟೀಕೆ ಅಥವಾ ಟೀಕು ಎಂದು ಕರೆಯುತ್ತಿದ್ದರು. 14ನೆಯ ಶತಮಾನದ ಜಯತೀರ್ಥರಿಗೆ ಟೀಕಾಚಾರ್ಯರೆಂಬ ಹೆಸರು ಬಂದದ್ದು ಮಧ್ವಾಚಾರ್ಯರ ಗ್ರಂಥಗಳಿಗೆ ಇಂಥ ವಿವರಣೆ ಬರೆದುದರಿಂದಲೇ ಹೊರತು ಯಾರನ್ನೋ ಜರೆದುದರಿಂದಲ್ಲ. ಹೊಸಬರ ಪಿಕ್ಸೆಲ್ ಚಿತ್ರಕ್ಕೆ ಸಲ್ಲಬೇಕಾದದ್ದು ಈ ಹಳೆಯ ಅರ್ಥದ ಟೀಕೆ ಎಂಬುದು ಈ ಪತ್ರದ ವಾದ. ತಪ್ಪಿಗೆ ಇಷ್ಟು ನಿಖರವಾಗಿ ಬೆರಳಿಡಲು ಬರುವ ಚಿತ್ರಪ್ರಕಾರ ಇನ್ನೊಂದಿಲ್ಲವಾದ್ದರಿಂದ, ಬೆರಳಿಡದೆ ಆಡಿದ ಮಾತು ಇಲ್ಲಿ ವ್ಯರ್ಥವಾಗುವಷ್ಟು ಬೇರೆಲ್ಲೂ ವ್ಯರ್ಥವಾಗುವುದಿಲ್ಲ.

ಪಿಕ್ಸೆಲ್ ಎಂದರೆ ಪರದೆಯ ಮೇಲಿನ ಚಿತ್ರದ ಅತ್ಯಂತ ಚಿಕ್ಕ ಚೌಕ, ಒಂದು ಹೊತ್ತಿಗೆ ಒಂದೇ ಬಣ್ಣ ತಾಳಬಲ್ಲ ಚುಕ್ಕಿ. ಫೋಟೋದಲ್ಲಿ ಇಂಥ ಚುಕ್ಕಿಗಳು ಲಕ್ಷಗಟ್ಟಲೆ ಇರುವುದರಿಂದ ಯಾವುದೂ ಬಿಡಿಯಾಗಿ ಕಣ್ಣಿಗೆ ಬೀಳುವುದಿಲ್ಲ. ಪಿಕ್ಸೆಲ್ ಚಿತ್ರದಲ್ಲಾದರೋ ಅವನ್ನು ಬೇಕೆಂದೇ ಎಣಿಸಬಹುದಾದಷ್ಟಕ್ಕೆ ಇಳಿಸಿ, ಒಂದೊಂದನ್ನೂ ಕೈಯಾರೆ ಇಡಲಾಗುತ್ತದೆ. 16 ಮನೆ ಅಗಲ, 16 ಮನೆ ಎತ್ತರದ ಚಿತ್ರದಲ್ಲಿ ಇರುವುದು 256 ಚುಕ್ಕಿ, 32ಕ್ಕೆ 32 ಆದರೆ 1,024. ಈ ಮಿತಿ ಮೊದಲು ಯಂತ್ರಗಳ ಬಡತನದಿಂದ ಬಂದದ್ದು: 1984ರ ಮ್ಯಾಕಿಂಟಾಷ್ ಗಣಕಕ್ಕೆ ಸೂಸನ್ ಕೇರ್ ಬರೆದ ಚಿಹ್ನೆಗಳು ಕಪ್ಪು ಬಿಳುಪಿನ 32×32 ಮನೆಗಳವು, ಅವನ್ನು ಆಕೆ ಮೊದಲು ಚೌಕಳಿ ಕಾಗದದಲ್ಲಿ ಮನೆ ತುಂಬಿ ರೂಪಿಸಿದ್ದರು, 1989ರ ಗೇಮ್ ಬಾಯ್ ಎಂಬ ಕೈ ಆಟಿಕೆಯ ಪರದೆ 160×144 ಚುಕ್ಕಿಗಳದು, ಅದಕ್ಕೆ ಒದಗಿದ್ದು ನಾಲ್ಕೇ ಛಾಯೆ. ಯಂತ್ರಗಳ ಬಡತನ ಕಳೆದ ಮೇಲೂ ಮಿತಿ ಉಳಿದುಕೊಂಡಿತು, ಏಕೆಂದರೆ ಅಷ್ಟರಲ್ಲಿ ಅದು ಛಂದಸ್ಸಿನಂತೆ ಕಲೆಯ ಕಟ್ಟಾಗಿತ್ತು.

ಅಂಕೋಲೆಯವರಿಗೆ ಈ ಕಟ್ಟಿನ ವಿಚಾರವನ್ನು ಹೊಸದಾಗಿ ಹೇಳಬೇಕಾದ್ದಿಲ್ಲ. ನಾಲ್ಕೇ ಸಾಲಿನ ಚುಟುಕವನ್ನು ಕನ್ನಡದ ಮನೆಮಾತಾಗಿಸಿದ ದಿನಕರ ದೇಸಾಯಿ (1909–1982) ಆ ಮಣ್ಣಿನವರು. ದೊಡ್ಡ ಕಾವ್ಯದಲ್ಲಿ ಒಂದು ಸಡಿಲ ಪದ್ಯ ಓದುಗನ ಗಮನಕ್ಕೆ ಬಾರದೆ ದಾಟಿಹೋದೀತು, ಚುಟುಕದಲ್ಲಿ ಒಂದು ಸಡಿಲ ಪದ ಸಾಕು, ಕಟ್ಟಡವೇ ಕುಸಿಯುತ್ತದೆ. ಹಾಗೆಯೇ 256 ಮನೆಗಳ ಚಿತ್ರದಲ್ಲಿ ಯಾವ ಗುಂಪಿಗೂ ಸೇರದೆ ಒಂಟಿಯಾಗಿ ಉಳಿದ ಒಂದು ಚುಕ್ಕಿ ಕೊಳೆಯಂತೆ ಕಾಣುತ್ತದೆ, ಮತ್ತು ಆ ಕೊಳೆ ಎಡದಿಂದ ಎಷ್ಟನೆಯ ಮನೆಯಲ್ಲಿ, ಮೇಲಿನಿಂದ ಎಷ್ಟನೆಯ ಸಾಲಿನಲ್ಲಿ ಇದೆಯೆಂದು ಹೇಳಲು ಬರುತ್ತದೆ.

ಹೀಗೆ ಹೇಳಲು ಬರುವಾಗಲೂ ಸಾಮಾನ್ಯವಾಗಿ ಹೊಸಬರಿಗೆ ಸಿಗುವುದು ‘ಸೂಪರ್’ ಎಂಬ ಒಂದು ಪದ, ಇಲ್ಲವೆ ಚಪ್ಪಾಳೆಯ ಒಂದು ಇಮೋಜಿ. (ಆ ಇಮೋಜಿಯ ವಂಶವೂ ಪಿಕ್ಸೆಲ್ ಚಿತ್ರದ್ದೇ: 1999ರಲ್ಲಿ ಜಪಾನಿನ ಶಿಗೆತಾಕಾ ಕುರಿತಾ ಮೊಬೈಲ್ ಫೋನುಗಳಿಗಾಗಿ 12×12 ಮನೆಗಳಲ್ಲಿ ಬರೆದ 176 ಚಿಹ್ನೆಗಳನ್ನು ನ್ಯೂಯಾರ್ಕಿನ ಆಧುನಿಕ ಕಲೆಯ ಸಂಗ್ರಹಾಲಯ 2016ರಲ್ಲಿ ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು, ಚಿತ್ರವನ್ನು ಸರಿಯಾಗಿ ನೋಡದೆ ಇಮೋಜಿ ಒತ್ತುವವರು ಪಿಕ್ಸೆಲ್ ಚಿತ್ರಕ್ಕೆ ಪಿಕ್ಸೆಲ್ ಚಿತ್ರವನ್ನೇ ಉತ್ತರವಾಗಿ ಕಳಿಸುತ್ತಿರುತ್ತಾರೆ.) ಇದರ ಎದುರು ತುದಿಯಲ್ಲಿ ‘ಏನೋ ಸರಿಯಿಲ್ಲ’ ಎಂಬ ಮಾತಿದೆ. ಮೆಚ್ಚುಗೆಯದಿರಲಿ, ಅಸಮಾಧಾನದ್ದಿರಲಿ, ಎರಡೂ ಚಿತ್ರದ ಯಾವ ಮನೆಯ ಮೇಲೂ ಕೂರುವುದಿಲ್ಲ. ಕಲಿಯುವವರು ಅದನ್ನು ಕೇಳಿ ಮರಳಿ ಕುಳಿತಾಗ ಮೊದಲು ಯಾವ ಚುಕ್ಕಿಯನ್ನು ಮುಟ್ಟಬೇಕೆಂಬುದು ಮೊದಲಿನಷ್ಟೇ ಅಗೋಚರ.

ತೋರಿಸಿ ತಿದ್ದುವ ಪದ್ಧತಿಗೆ ಕನ್ನಡದಲ್ಲಿ ಸಾವಿರ ವರ್ಷಕ್ಕೂ ಮೀರಿದ ವಯಸ್ಸಿದೆ. ಕನ್ನಡದಲ್ಲಿ ಇಂದು ದೊರೆಯುವ ಅತ್ಯಂತ ಹಳೆಯ ಗ್ರಂಥವಾದ 9ನೆಯ ಶತಮಾನದ ಕವಿರಾಜಮಾರ್ಗವು ಕಾವ್ಯದೋಷಗಳನ್ನು ಹೇಳುವಾಗ ದೋಷದ ಹೆಸರನ್ನಷ್ಟೇ ಹೇಳಿ ಮುಗಿಸದೆ, ದೋಷವಿರುವ ಪದ್ಯವನ್ನು ಮುಂದಿಟ್ಟು, ಅದನ್ನೇ ತಿದ್ದಿದರೆ ಹೇಗಾಗುತ್ತದೆಂದು ಮತ್ತೊಂದು ರೂಪವನ್ನೂ ಕೊಡುತ್ತದೆ. ಪಿಕ್ಸೆಲ್ ಚಿತ್ರಕಾರರು ‘ಎಡಿಟ್’ ಎಂದು ಕರೆಯುವುದು ಇದನ್ನೇ, ಅಂದರೆ ಕಲಿಯುವವರ ಚಿತ್ರದ ಒಂದು ನಕಲನ್ನು ತೆಗೆದುಕೊಂಡು ಅದರಲ್ಲಿ ಕೆಲವೇ ಚುಕ್ಕಿಗಳನ್ನು ಬದಲಿಸಿ ಮೂಲದ ಪಕ್ಕದಲ್ಲಿ ಇಟ್ಟು ತೋರಿಸುವುದನ್ನು. ಇದಕ್ಕೆ ಎರಡು ಕಟ್ಟುಪಾಡು ಬೇಕು: ಮೊದಲು ಅನುಮತಿ ಕೇಳಬೇಕು, ಆಮೇಲೆ, ತಿದ್ದುವವರ ಕೈಚಳಕ ಮೆರೆಯದಂತೆ, ಹೇಳಬೇಕಾದ ಒಂದು ವಿಷಯಕ್ಕೆ ಬೇಕಾದಷ್ಟನ್ನೇ ಬದಲಿಸಿ ಮಿಕ್ಕದ್ದನ್ನು ಇದ್ದಂತೆಯೇ ಬಿಡಬೇಕು. ಇಡೀ ಚಿತ್ರವನ್ನು ಹೊಸದಾಗಿ ಬರೆದುಕೊಟ್ಟರೆ ಹೊಸಬರ ಎದುರಿಗೆ ಒಳ್ಳೆಯ ಚಿತ್ರವೊಂದು ಬಂದು ಕೂರುತ್ತದೆ, ಆದರೆ ಅವರ ಚಿತ್ರದಿಂದ ಅಲ್ಲಿಗೆ ಹೋಗುವ ದಾರಿ ಕಾಣುವುದಿಲ್ಲ.

ಮಿತವಾದ ಬಣ್ಣ, ಎಣಿಸಿದ ಮನೆ, ಬಲ್ಲವರ ಕಣ್ಣು, ಇವುಗಳನ್ನು ನೆಚ್ಚಿದ ಕಲೆಗಳು ಈ ಭಾಗಕ್ಕೆ ಗಣಕದ ಜೊತೆಗೆ ಬಂದವಲ್ಲ. ಗೋವೆಯಿಂದ ಉತ್ತರ ಕನ್ನಡದ ಕರಾವಳಿಯವರೆಗಿನ ಹಳೆಯ ದೇವಾಲಯಗಳಲ್ಲಿ ಕಾವಿ ಕಲೆಯೆಂಬ ಗೋಡೆಚಿತ್ರವಿದೆ. ಸುಣ್ಣದ ಬಿಳಿ ಗಾರೆಯ ಮೇಲೆ ಕಾವಿಮಣ್ಣಿನ ಕೆಂಪು ಪದರವನ್ನು ಹಚ್ಚಿ, ಅದು ಒಣಗುವ ಮೊದಲೇ ಚೂಪಾದ ಸಲಾಕೆಯಿಂದ ಕೆರೆದು ಒಳಗಿನ ಬಿಳಿಯನ್ನು ಹೊರತರುವ ಕೆಲಸ ಅದು. ಕೆಂಪು ಎಲ್ಲಿ ಉಳಿಯಬೇಕು, ಬಿಳಿ ಎಲ್ಲಿ ಕಾಣಬೇಕು ಎಂಬ ಒಂದೇ ನಿರ್ಧಾರವನ್ನು ಕಲಾವಿದ ಅಂಗುಲ ಅಂಗುಲಕ್ಕೂ ಮಾಡಬೇಕಾಗಿದ್ದ ಆ ಚಿತ್ರಗಳು, ಎರಡೇ ಬಣ್ಣದ ಪಿಕ್ಸೆಲ್ ಚಿತ್ರ ಕಲಿಯುವವರಿಗೆ ಯಾವ ಪಠ್ಯಕ್ಕಿಂತಲೂ ಒಳ್ಳೆಯ ಪಾಠ. ಧಾರವಾಡ ಸೀಮೆಯ ಕಸೂತಿಯದು ಇನ್ನೂ ಹತ್ತಿರದ ನೆಂಟಸ್ತನ. ಬಟ್ಟೆಯ ಮೇಲೆ ನಕ್ಷೆ ಬರೆದುಕೊಳ್ಳದೆ ನೂಲನ್ನು ಎಣಿಸಿಯೇ ಹಾಕುವ ಆ ಹೊಲಿಗೆಯಲ್ಲಿ ಗವಂತಿ, ಮುರ್ಗಿ, ನೇಯ್ಗಿ, ಮೆಂಥಿ ಎಂಬ ನಾಲ್ಕು ಬಗೆಗಳಿದ್ದು, ಮೆಟ್ಟಿಲಿನಂತೆ ಏರಿಳಿಯುವ ಮುರ್ಗಿಯನ್ನು ಕಂಡ ಪಿಕ್ಸೆಲ್ ಚಿತ್ರಕಾರನಿಗೆ ತನ್ನ ಓರೆಗೆರೆಯೇ ಎದುರಾದಂತಾಗುತ್ತದೆ. ಗವಂತಿಯಲ್ಲಿ ಸೂಜಿ ಒಂದು ಸಲ ಹೋಗಿ, ಬಿಟ್ಟ ಜಾಗಗಳನ್ನು ತುಂಬುತ್ತ ಅದೇ ದಾರಿಯಲ್ಲಿ ಹಿಂದಿರುಗುವುದರಿಂದ ಒಂದು ನೂಲಿನ ಎಣಿಕೆ ತಪ್ಪಿದರೂ ಗೆರೆ ಕೂಡಿಕೊಳ್ಳುವುದಿಲ್ಲ. ಆದ್ದರಿಂದಲೇ ಬಲ್ಲವರು ಕಸೂತಿಯನ್ನು ಪರೀಕ್ಷಿಸುವಾಗ ಬಟ್ಟೆಯನ್ನು ತಿರುವಿ ಹಿಂಬದಿಯನ್ನು ನೋಡುತ್ತಾರೆ. ಪಿಕ್ಸೆಲ್ ಚಿತ್ರದಲ್ಲಿ ಈ ಹಿಂಬದಿಯ ಕೆಲಸವನ್ನು ಕನ್ನಡಿಬಿಂಬ ಮಾಡುತ್ತದೆ: ಚಿತ್ರವನ್ನು ಎಡಬಲ ತಿರುಗಿಸಿದ ಕೂಡಲೇ, ಒಂದೇ ದಿಕ್ಕಿನಿಂದ ನೋಡಿ ನೋಡಿ ರೂಢಿಯಾಗಿದ್ದ ಕಣ್ಣಿಗೆ ವಾಲಿದ ಭುಜ, ಜಾರಿದ ಕಣ್ಣು ಥಟ್ಟನೆ ಕಾಣುತ್ತವೆ.

ಟೀಕೆ ಹೇಳುವವರು ನೋಡುತ್ತಿರುವುದು ಕಲಿಯುವವರು ಬರೆದ ಚಿತ್ರವನ್ನೇ ಹೌದೋ ಅಲ್ಲವೋ ಎಂಬುದು ಇದಕ್ಕೂ ಮೊದಲಿನ ಪ್ರಶ್ನೆ. ವಾಟ್ಸ್ಆ್ಯಪ್‌ನಲ್ಲಿ ಫೋಟೋದಂತೆ ಕಳಿಸಿದ ಪಿಕ್ಸೆಲ್ ಚಿತ್ರ ದಾರಿಯಲ್ಲಿ ಹಿಂಡಿಹೋಗಿ, ಅಂಚುಗಳಲ್ಲಿ ಯಾರೂ ಇಡದ ಬಣ್ಣಗಳು ಮೂಡಿ, ಮಂಜು ಕವಿದಂತಾಗಿ ತಲುಪುತ್ತದೆ. ಅಂಥದನ್ನು ನೋಡಿ ‘ಅಂಚು ಮಸುಕಾಗಿದೆ’ ಎಂದರೆ ಆ ಟೀಕೆ ಸಲ್ಲಬೇಕಾದದ್ದು ವಾಟ್ಸ್ಆ್ಯಪ್‌ಗೆ. ಪಿಎನ್‌ಜಿ ಕಡತವಾಗಿ, ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿದರೆ ಈ ತೊಂದರೆಯಿಲ್ಲ. ದೊಡ್ಡದು ಮಾಡಿ ತೋರಿಸುವಾಗ ಎರಡು ಪಟ್ಟು, ನಾಲ್ಕು ಪಟ್ಟು ಎಂಬ ಪೂರ್ಣಸಂಖ್ಯೆಯಲ್ಲೇ ಹಿಗ್ಗಿಸಬೇಕು. ಜೊತೆಗೆ ಚಿತ್ರ ಎಷ್ಟು ಮನೆಗಳದು, ಎಷ್ಟು ಬಣ್ಣಗಳದು, ಆಟಕ್ಕೋ ಗೋಡೆಗೋ ಬಟ್ಟೆಗೋ ಎಂಬ ಒಂದು ಸಾಲಿನ ಮಾಹಿತಿ ಇದ್ದರೆ ಟೀಕೆಯ ಅರ್ಧ ಗೊಂದಲ ಹುಟ್ಟುವುದೇ ಇಲ್ಲ.

ಟೀಕೆಗೆ ಒಂದು ಅನುಕ್ರಮವೂ ಉಂಟು, ಹೊಸ ಟೀಕಾಕಾರರು ಬಹುಮಟ್ಟಿಗೆ ಎಡವುವುದು ಅಲ್ಲಿಯೇ. ಚಿತ್ರದ ಆಕಾರವೇ ಗುರುತು ಸಿಗದಂತಿರುವಾಗ ಅಂಚಿನ ನಯಗಾರಿಕೆಯ ಬಗ್ಗೆ ಮಾತಾಡಿ ಫಲವಿಲ್ಲ. ಆಕಾರವನ್ನು ಪರೀಕ್ಷಿಸುವ ಸುಲಭ ದಾರಿಯೆಂದರೆ ಇಡೀ ಚಿತ್ರವನ್ನು ಕಪ್ಪು ತುಂಬಿ, ಬರಿಯ ನೆರಳಾಗಿಸಿ ನೋಡುವುದು. ಇದಕ್ಕೆ ಸಿಲೂಯೆಟ್ ಎನ್ನುತ್ತಾರೆ. ಕಾರವಾರದ ಸಮುದ್ರದಲ್ಲಿರುವ ಕೂರ್ಮಗಡಕ್ಕೆ ಆ ಹೆಸರು ಬಂದದ್ದು ಆಮೆಯಂಥ ಆಕಾರದಿಂದ. ಬಣ್ಣ, ಮರ, ಗುಡಿ ಯಾವುದೂ ಕಾಣದ ದೂರದಿಂದಲೂ ಅದು ಆಮೆಯೆನಿಸುವುದು ಹೊರಗೆರೆಯೊಂದರ ಬಲದಿಂದ. ಹೊಸಬರು ಟ್ಯಾಗೋರ್ ಕಡಲತೀರದ ಬಳಿಯ ಚಾಪೆಲ್ ಯುದ್ಧನೌಕೆಯನ್ನು 32×32ರಲ್ಲಿ ಬರೆಯಹೊರಟು, ಅದರ ಕಂಬ, ತಂತಿ, ಕಿಂಡಿಗಳನ್ನೆಲ್ಲ ಒಂದೊಂದು ಚುಕ್ಕಿಯಲ್ಲಿ ತುರುಕಿದ್ದಾರೆಂದು ಭಾವಿಸಿದರೆ, ಟೀಕಾಕಾರರ ಮೊದಲ ಕೆಲಸ ಆ ವಿವರಗಳನ್ನು ಒಂದೊಂದಾಗಿ ತಿದ್ದುವುದಲ್ಲ. ನೆರಳುಚಿತ್ರ ಮಾಡಿ ತೋರಿಸಿ, ಅದು ಹಡಗಿನಂತೆ ಕಾಣುತ್ತದೆಯೋ ಕಟ್ಟಡದಂತೆ ಕಾಣುತ್ತದೆಯೋ ಎಂದು ಕೇಳುವುದು. ಉತ್ತರವನ್ನು ಚಿತ್ರಕಾರರೇ ಹೇಳಿಕೊಂಡಾರು.

ಆಕಾರದ ಬಳಿಕ ಬರುವ ನೆರಳು ಬೆಳಕಿನ ವಿಷಯಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ ಅಂಕೋಲೆಯ ಕರಿ ಈಶಾಡು ಮಾವಿನಹಣ್ಣು ಒಳ್ಳೆಯ ಉದಾಹರಣೆಯಾದೀತು. ಹೊಸಬರು ಹಣ್ಣಿಗೆ ಮೊದಲು ಕಪ್ಪು ಹೊರಗೆರೆ ಎಳೆದು, ಒಳಗೆ ಸುತ್ತಲೂ ಕಡುಬಣ್ಣ, ಅದರೊಳಗೆ ಸುತ್ತಲೂ ನಡುಬಣ್ಣ, ನಟ್ಟನಡುವೆ ತಿಳಿಬಣ್ಣ ತುಂಬುವುದುಂಟು. ಆಗ ಬೆಳಕು ಯಾವ ದಿಕ್ಕಿನಿಂದಲೂ ಬಾರದೆ ಹಣ್ಣಿನ ಹೊಟ್ಟೆಯೊಳಗಿಂದಲೇ ಹೊಮ್ಮಿದಂತಾಗಿ, ಮಾವು ಒತ್ತಿಟ್ಟ ದಿಂಬಿನಂತೆ ಕಾಣುತ್ತದೆ. ಈ ದೋಷಕ್ಕೆ ಪಿಲ್ಲೋ ಶೇಡಿಂಗ್ ಎಂಬ ಹೆಸರು ಬಂದದ್ದು ಅದಕ್ಕೇ, ಕನ್ನಡದಲ್ಲಿ ದಿಂಬುನೆರಳು ಎಂದರೆ ಸಾಕು. ಹೆಸರು ಹೇಳಿದ ಮಾತ್ರಕ್ಕೆ ಟೀಕೆ ಮುಗಿಯುವುದಿಲ್ಲ. ‘ಬೆಳಕು ಎಡಮೇಲಿನಿಂದ ಬರುತ್ತಿದೆಯೆಂದು ಹಿಡಿದರೆ ತಿಳಿಬಣ್ಣದ ಗುಂಪು ಎರಡು ಮನೆ ಎಡಕ್ಕೂ ಎರಡು ಮನೆ ಮೇಲಕ್ಕೂ ಸರಿಯಬೇಕು, ಬಲಕೆಳಗಿನ ಕಡುಬಣ್ಣ ಇನ್ನಷ್ಟು ದಪ್ಪವಾಗಬೇಕು, ಎಡಮೇಲಂಚಿನ ಕಡುಬಣ್ಣ ಅಳಿಯಬೇಕು’ ಎಂದರೆ ಅದು ಟೀಕೆ. ಬಣ್ಣಗಳ ಆಯ್ಕೆಯಲ್ಲೂ ಇದೇ ಬಗೆಯ ಸೂಚನೆ ಸಾಧ್ಯ: ಹಳದಿಯ ನೆರಳಿಗೆ ಹಳದಿಗೇ ಕಪ್ಪು ಬೆರೆಸಿದರೆ ಕೆಸರಿನ ಬಣ್ಣ ಬರುತ್ತದೆ, ಕಿತ್ತಳೆಯ ಕಡೆಗೆ ಅಥವಾ ಕಂದುಗೆಂಪಿನ ಕಡೆಗೆ ಸರಿಸಿದರೆ ಹಣ್ಣಿಗೆ ಬಿಸಿಲು ತಾಗಿದಂತಾಗುತ್ತದೆ. 256 ಮನೆಗಳ ಹಣ್ಣಿಗೆ ಮೂವತ್ತು ಬಣ್ಣ ಬಳಸಿದ್ದರೆ ಅವುಗಳಲ್ಲಿ ಹೆಚ್ಚಿನವು ಒಂದಕ್ಕೊಂದು ಕಣ್ಣಿಗೆ ಬೇರೆಯಾಗಿ ಕಾಣದಷ್ಟು ಹತ್ತಿರವಿರುತ್ತವೆ. ಐದೋ ಆರೋ ಉಳಿಸಿ ನೋಡೆಂದು ಹೇಳುವುದು ಜಿಪುಣತನದ ಸಲಹೆಯಲ್ಲ.

ಗೆರೆಯ ದೋಷವನ್ನಂತೂ ಲೆಕ್ಕದಲ್ಲೇ ತೋರಿಸಬಹುದು. ಚೌಕಮನೆಗಳಲ್ಲಿ ಬಾಗುಗೆರೆಯೆಂಬುದು ನಿಜವಾಗಿ ಮೆಟ್ಟಿಲುಗಳ ಸಾಲು. ಕಾರವಾರದ ಕಡಲತೀರದ ಬಾಗನ್ನು ಬರೆಯುವಾಗ ಮೆಟ್ಟಿಲುಗಳ ಉದ್ದ 5, 3, 2, 1, 1 ಎಂದು ಕ್ರಮವಾಗಿ ಕುಗ್ಗಿದರೆ ಕಣ್ಣು ಅದನ್ನು ನುಣುಪಾದ ಬಾಗೆಂದು ಒಪ್ಪಿಕೊಳ್ಳುತ್ತದೆ, 5, 2, 3, 1, 2 ಎಂದು ತಪ್ಪಿದರೆ ಅಲ್ಲಿ ಗೆರೆ ಮುರಿದಂತೆ, ಗರಗಸದ ಹಲ್ಲಿನಂತೆ ಕಾಣುತ್ತದೆ. ‘ಗೆರೆ ಒರಟಾಗಿದೆ’ ಎನ್ನುವುದಕ್ಕಿಂತ ‘ಮೂರನೆಯ ಮೆಟ್ಟಿಲು ಎರಡನೆಯದಕ್ಕಿಂತ ಉದ್ದವಾಗಿದೆ’ ಎನ್ನುವುದು ಮೃದುವೂ ಹೌದು, ಉಪಯುಕ್ತವೂ ಹೌದು, ಏಕೆಂದರೆ ಆ ಮಾತು ಮೆಟ್ಟಿಲನ್ನು ಕುರಿತದ್ದು, ಬರೆದವರ ಕೈಯನ್ನು ಕುರಿತದ್ದಲ್ಲ. ಎರಡು ಬಣ್ಣದ ಚುಕ್ಕಿಗಳನ್ನು ಚದುರಂಗದ ಮಣೆಯಂತೆ ಹೆಣೆದು ಮೂರನೆಯ ಬಣ್ಣದ ಭ್ರಮೆ ಹುಟ್ಟಿಸುವ ಡಿದರಿಂಗ್ ಎಂಬ ತಂತ್ರವನ್ನು ಕಲಿತ ಹೊಸತರಲ್ಲಿ ಸಮುದ್ರ, ಆಕಾಶ, ಮರಳು ಎಲ್ಲದಕ್ಕೂ ಅದನ್ನೇ ಹಚ್ಚುವ ಉಮೇದೂ ಇರುತ್ತದೆ. ಅಲ್ಲಿ ಮೂಗಿಗಿಂತ ಮೂಗುತಿ ಭಾರವಾಗಿದೆಯೆಂದಷ್ಟೇ ಹೇಳಿ ಮುಂದೆ ಹೋಗಬಹುದು.

ಕನ್ನಡ ಅಕ್ಷರಗಳ ವಿಚಾರ ಮಾತ್ರ ಹಾಗೆ ದಾಟಿಹೋಗುವಂಥದ್ದಲ್ಲ, ಅದರಲ್ಲಿ ಬೇರೆ ದೇಶದ ಯಾವ ಪಾಠವೂ ಈ ಭಾಗದ ಕಲಿಯುವವರಿಗೆ ನೆರವಾಗದು. ರೋಮನ್ ಅಕ್ಷರಗಳಿಗೆ 5 ಮನೆ ಅಗಲ, 7 ಮನೆ ಎತ್ತರದ ಚೌಕಟ್ಟು ಸಾಕೆಂಬುದು ಹಳೆಯ ರೂಢಿ. ಅದನ್ನೇ ಕನ್ನಡಕ್ಕೆ ತೊಡಿಸಿದರೆ ತಲೆಕಟ್ಟಿಗೆ ಒಂದು ಸಾಲು ಹೋಗಿ, ಒತ್ತಕ್ಷರಕ್ಕೆ ಜಾಗವೇ ಉಳಿಯದೆ, ಅಂಕೋಲೆಯ ಬಂಡಿಹಬ್ಬ ‘ಬಂಡಿಹಬ’ ಆಗುತ್ತದೆ. ‘ಅಂಕೋಲಾ’ ಎಂದು ಬರೆಯುವಾಗ ಎರಡನೆಯ ಗುರುತಾದ ಸೊನ್ನೆಗೆ ನಡುವೆ ತೂತು ಕಾಣಬೇಕಾದರೆ ಕನಿಷ್ಠ 3×3 ಮನೆ ಬೇಕು. 2×2ಕ್ಕೆ ಇಳಿಸಿದರೆ ತೂತು ಮುಚ್ಚಿ, ಸೊನ್ನೆ ಪೂರ್ಣವಿರಾಮದಂತೆ ಕೂರುತ್ತದೆ. ರ ಮತ್ತು ಠ ನಡುವಿನ ಅಂತರ ಹೊಟ್ಟೆಯೊಳಗಿನ ಒಂದು ಚುಕ್ಕಿ. ದ ಮತ್ತು ಧ ನಡುವಿನದು ಕೆಳಗಿನ ಒಂದು ಸೀಳು, ಚಿಕ್ಕ ಅಳತೆಯಲ್ಲಿ ಅದೂ ಒಂದೇ ಚುಕ್ಕಿ. ಆ ಚುಕ್ಕಿ ಇದ್ದರೆ ಧನ, ಇಲ್ಲವಾದರೆ ದನ. ಚಿತ್ರದಲ್ಲಿ ಒಂದು ಚುಕ್ಕಿ ತಪ್ಪಿದರೆ ಏನಾಗುತ್ತದೆಂದು ಕೇಳುವವರಿಗೆ ಇದಕ್ಕಿಂತ ಚೊಕ್ಕ ಉತ್ತರ ಕೊಡಲಾಗದು. ರೈಲು ನಿಲ್ದಾಣಗಳಲ್ಲೂ ಬಸ್ಸುಗಳ ಹಣೆಯ ಮೇಲೂ ಊರಿನ ಹೆಸರು ತೋರಿಸುವ ಎಲ್‌ಇಡಿ ಫಲಕಗಳು ವಾಸ್ತವವಾಗಿ ದೀಪದ ಚುಕ್ಕಿಗಳಿಂದಾದ ಪಿಕ್ಸೆಲ್ ಚಿತ್ರಗಳೇ ಆಗಿದ್ದು, ಅಲ್ಲಿನ ಅಕ್ಷರಗಳಲ್ಲಿ ಯಾವುದು ದೂರದಿಂದ ಓದಲು ಬರುತ್ತದೆ, ಯಾವುದು ಬರುವುದಿಲ್ಲ, ಯಾವ ಚುಕ್ಕಿ ಸರಿದರೆ ಬಂದೀತು ಎಂದು ಟಿಪ್ಪಣಿ ಮಾಡಿಕೊಳ್ಳುವುದು ಟೀಕೆ ಕಲಿಯುವವರಿಗೆ ದಿನವೂ ಪುಕ್ಕಟೆಯಾಗಿ ಸಿಗುವ ಅಭ್ಯಾಸ. ಯಾರ ಮನಸ್ಸೂ ನೋಯುವುದಿಲ್ಲವೆಂಬುದು ಅದರ ಹೆಚ್ಚಿನ ಅನುಕೂಲ.

ಅಕ್ಷರದ ಮಾತು ಇನ್ನೊಂದು ಮಾತಿಗೆ ದಾರಿ ಮಾಡುತ್ತದೆ. ಗಣಕ ಮುಟ್ಟದವರು, ಏಸ್‌ಪ್ರೈಟ್, ಪಿಸ್ಕೆಲ್ ಮುಂತಾದ ತಂತ್ರಾಂಶಗಳ ಹೆಸರು ಕೇಳದವರು ಟೀಕೆಗೆ ಅರ್ಹರಲ್ಲವೆಂಬ ಭಾವನೆ ಹೊಸಬರಲ್ಲಿ ಬೇಗ ಬೇರೂರುತ್ತದೆ. ಆದರೆ ಪಕ್ಕಕ್ಕೆ ತೇಲುಮರ ಕಟ್ಟಿದ ಚಿಕ್ಕ ದೋಣಿಯನ್ನು ಬರೆದಾಗ, ತೇಲುಮರವನ್ನು ದೋಣಿಗೆ ತೀರ ಅಂಟಿಸಿದರೆ ಅದು ಯಾವ ಕೆಲಸಕ್ಕೂ ಬಾರದೆಂದು ಹೇಳಬಲ್ಲವರು ಮೀನುಗಾರರು. ಹಾಲಕ್ಕಿ ಸಮುದಾಯದ ಮಹಿಳೆಯ ಕೊರಳಿನ ಮಣಿಸರಗಳನ್ನು ಒಂದೊಂದು ಮಣಿಗೆ ಒಂದೊಂದು ಚುಕ್ಕಿಯಂತೆ ಚೆಲ್ಲಿದಾಗ, ಸರಗಳು ಕೊರಳಿಗೆ ಒತ್ತಾಗಿ ಸಾಲುಸಾಲಾಗಿ ಕೂರುತ್ತವೆ, ಹೀಗೆ ಚದುರುವುದಿಲ್ಲ ಎಂದು ಹೇಳಬಲ್ಲವರು ಅವನ್ನು ತೊಟ್ಟವರು. ಅವರ ಮಾತಿನಲ್ಲಿ ಪಾರಿಭಾಷಿಕ ಪದಗಳು ಇರುವುದಿಲ್ಲ, ‘ಇದು ಹೀಗಿರುವುದಿಲ್ಲ’ ಎಂಬ ಒಂದು ವಾಕ್ಯ ಇರುತ್ತದೆ. ಆ ವಾಕ್ಯವನ್ನು ಮನೆಗಳ ಲೆಕ್ಕಕ್ಕೆ ತಿರುಗಿಸಿಕೊಳ್ಳುವುದು, ಅಂದರೆ ಬಿಡಿ ಚುಕ್ಕಿಗಳನ್ನು ಒಟ್ಟುಗೂಡಿಸಿ ಮೂರು ಬಣ್ಣದ ಮೂರು ಪಟ್ಟಿಗಳಾಗಿಸಿ ನಡುವೆ ಒಂದೆರಡು ಹೊಳಪಿನ ಚುಕ್ಕಿ ಇಡುವುದು, ಚಿತ್ರಕಾರರ ಪಾಲಿನ ಕೆಲಸ.

ಟೀಕೆಯನ್ನು ಕೇಳಿಸಿಕೊಳ್ಳುವವರಿಗೂ ಒಂದು ವಿವೇಕ ಬೇಕು. ಟೀಕಾಕಾರರು ‘ಇಲ್ಲಿ ನೋವಿದೆ’ ಎಂದು ಹೇಳುವ ಜಾಗ ಬಹುಪಾಲು ಸರಿಯಾಗಿಯೇ ಇರುತ್ತದೆ, ಅವರು ಹೇಳುವ ಮದ್ದು ಮಾತ್ರ ಹಲವು ಬಾರಿ ತಪ್ಪಿರುತ್ತದೆ. ಬಣ್ಣ ಗಾಢವಾಗಿದೆಯೆಂದು ಮೂವರು ಹೇಳಿದ ಕಡೆ ನಿಜವಾದ ಕಾರಣ ಪಕ್ಕದ ಬಣ್ಣ ತೀರ ತಿಳಿಯಾಗಿರುವುದೇ ಆಗಿರಬಹುದು. ಆದ್ದರಿಂದ ಮೂಲಚಿತ್ರವನ್ನು ಹಾಗೆಯೇ ಇರಿಸಿ, ಅದರ ನಕಲೊಂದರ ಮೇಲೆ ಹೇಳಿದ ತಿದ್ದುಪಡಿಯನ್ನು ಮಾಡಿ, ಎರಡನ್ನೂ ನಿಜಗಾತ್ರದಲ್ಲಿ ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ಒಪ್ಪುವುದೋ ಬಿಡುವುದೋ ನಿರ್ಧರಿಸಬೇಕು. ನೋಡುವ ಮೊದಲೇ ‘ಅದು ನನ್ನ ಶೈಲಿ’ ಎನ್ನುವುದು ಕಲಿಕೆಯ ಬಾಗಿಲಿಗೆ ತಾನೇ ಅಗುಳಿ ಹಾಕಿಕೊಂಡಂತೆ. ನಕಲಿನಲ್ಲಿ ತಿದ್ದಿ ನೋಡುವ ಈ ಸೌಲಭ್ಯ ಕಾವಿ ಕಲೆಯ ಕಲಾವಿದನಿಗೆ ಇರಲಿಲ್ಲ. ಕೆರೆದು ತೆಗೆದ ಕೆಂಪು ಮರಳಿ ಬರುತ್ತಿರಲಿಲ್ಲ.

ಇನ್ನು, ಹೊಸಬರೇ ಬೇರೆ ಹೊಸಬರ ಚಿತ್ರಕ್ಕೆ ಟೀಕೆ ಬರೆಯಬೇಕೆಂಬುದು ಕೆಲವರಿಗೆ ಕುರುಡ ಕುರುಡನಿಗೆ ದಾರಿ ತೋರಿದಂತೆ ಕಂಡೀತು. ಅದು ಹಾಗಲ್ಲ. ಸ್ವಂತ ಚಿತ್ರದಲ್ಲಿ ಕಣ್ಣು ಉದ್ದೇಶವನ್ನು ಕಾಣುತ್ತದೆ, ಬೇರೆಯವರ ಚಿತ್ರದಲ್ಲಿ ಇಟ್ಟ ಚುಕ್ಕಿಗಳನ್ನೇ ಕಾಣುತ್ತದೆ. ಸ್ನೇಹಿತರ ಮಾವಿನಲ್ಲಿ ದಿಂಬುನೆರಳನ್ನು ಗುರುತಿಸಿ, ಅದು ಯಾವ ಸಾಲಿನಿಂದ ಯಾವ ಸಾಲಿನವರೆಗೆ ಇದೆಯೆಂದು ಬರೆದವರು ಮನೆಗೆ ಹೋಗಿ ತಮ್ಮ ತೆಂಗಿನಕಾಯಿಯ ಚಿತ್ರವನ್ನು ತೆರೆದಾಗ ಅಲ್ಲಿಯೂ ಅದೇ ದಿಂಬು ಕಾದು ಕುಳಿತಿರುವುದು ಕಾಣುತ್ತದೆ. ಕಾರವಾರದವರು ಅಂಕೋಲೆಯವರ ಚಿತ್ರಕ್ಕೂ ಅಂಕೋಲೆಯವರು ಕಾರವಾರದವರ ಚಿತ್ರಕ್ಕೂ ತಿಂಗಳಿಗೆ ಒಂದರಂತೆ, ಮೂರು ಸಾಲು ಮೀರದ, ಒಂದಾದರೂ ಮನೆಯ ಲೆಕ್ಕವಿರುವ, ಸರಿಯಾದ ಒಂದು ಚುಕ್ಕಿಯನ್ನೂ ತಪ್ಪಿದ ಒಂದು ಚುಕ್ಕಿಯನ್ನೂ ಹೆಸರಿಸುವ ಟೀಕೆ ಬರೆದುಕೊಳ್ಳುವುದು ಆರಂಭಕ್ಕೆ ಸಾಕಾದೀತು.

ಕೊನೆಯದಾಗಿ ಒಂದು ಕೋರಿಕೆ. ಟೀಕೆ ಪಡೆದ ಚಿತ್ರವನ್ನು ತಿದ್ದಿ ತಿದ್ದಿ ಸವೆಸುವುದರ ಬದಲು ಅದನ್ನು ಮುಚ್ಚಿಟ್ಟು, ಆರು ತಿಂಗಳ ಬಳಿಕ ಅದೇ ಹಣ್ಣನ್ನು, ಅದೇ ದೋಣಿಯನ್ನು, ಹಳೆಯದನ್ನು ನೋಡದೆ, ಅಷ್ಟೇ ಮನೆಗಳಲ್ಲಿ ಅಷ್ಟೇ ಬಣ್ಣಗಳಲ್ಲಿ ಮತ್ತೆ ಬರೆಯಬೇಕು; ಬರೆದು, ಎರಡನ್ನೂ ಮೊದಲ ಸಲ ಟೀಕೆ ಹೇಳಿದವರ ಕೈಗೇ ಕೊಡಬೇಕು, ಯಾವುದು ಹಳೆಯದು, ಯಾವುದು ಹೊಸದು ಎಂಬುದನ್ನು ಹೇಳದೆ.

ಇತಿ,
ಈ ಚಿತ್ರಗಳ ಒಬ್ಬ ನೋಡುಗ